ತಜ್ಞರ ಉತ್ತರ: ಲೂಪಸ್ ಇದೆ, ತಲೆಯ ಮೇಲೆ ಕಿರೀಟವೂ ಇದೆ. ಸೇವಾ ಕಾರ್ಯಕ್ರಮಗಳನ್ನು ಮುಂದುವರಿಸಬಹುದೇ?

ಪ್ರಶ್ನೆ: "ನನಗೆ 25 ವರ್ಷ. ಮೂರು ವರ್ಷಗಳ ಹಿಂದೆ ಲೂಪಸ್ (ರೋಗನಿರೋಧಕ ವ್ಯವಸ್ಥೆ ತನ್ನದೇ ದೇಹದ ಮೇಲೆ ತಿರುಗಿಬೀಳುವ ಕಾಯಿಲೆ) ಪತ್ತೆಯಾಯಿತು. ಹೈಡ್ರಾಕ್ಸಿಕ್ಲೋರೋಕ್ವಿನ್, ಅಜಥಯೋಪ್ರಿನ್ ಮತ್ತು ದಿನಕ್ಕೆ 5 ಮಿ.ಗ್ರಾಂ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿದ್ದೇನೆ. ಐದು ತಿಂಗಳ ಹಿಂದೆ ಸೌಂದರ್ಯ ಸ್ಪರ್ಧೆಯೊಂದರಲ್ಲಿ ಗೆದ್ದೆ. ಅಂದಿನಿಂದ ವಾರಕ್ಕೆ ಎರಡಾದರೂ ಸೇವಾ ಕಾರ್ಯಕ್ರಮ ಇರುತ್ತದೆ: ಶಾಲೆಯಲ್ಲಿ ಭಾಷಣ, ಮಕ್ಕಳ ವಾರ್ಡಿಗೆ ಭೇಟಿ, ವೃದ್ಧಾಶ್ರಮ, ಗಿಡ ನೆಡುವುದು, ಜಾಗೃತಿ ನಡಿಗೆ. ಆ ದಿನ ಚೆನ್ನಾಗಿಯೇ ಇರುತ್ತೇನೆ. ಮರುದಿನ ಹಾಸಿಗೆಯಿಂದ ಏಳಲಾಗುವುದಿಲ್ಲ. ಬೆರಳ ಕೀಲುಗಳು ಬಿಗಿದುಕೊಳ್ಳುತ್ತವೆ, ಕೆಲವೊಮ್ಮೆ ಸಣ್ಣ ಜ್ವರ ಬರುತ್ತದೆ. ದೊಡ್ಡ ಕಾರ್ಯಕ್ರಮವಿದ್ದರೆ ಬೆಳಿಗ್ಗೆ 20 ಮಿ.ಗ್ರಾಂ ಸ್ಟೀರಾಯ್ಡ್ ಮತ್ತು ನೋವಿನ ಮಾತ್ರೆ ನುಂಗಿ ಹೋಗುತ್ತೇನೆ. ಇದು ನನ್ನ ವೈದ್ಯರಿಗೆ ಗೊತ್ತಿಲ್ಲ. ಆಯೋಜಕರಿಗೆ ನನ್ನ ಕಾಯಿಲೆಯೇ ಗೊತ್ತಿಲ್ಲ. ಕಿರೀಟ ಹಿಂತಿರುಗಿಸಿಬಿಡು ಎಂದು ಅಮ್ಮ ಹೇಳುತ್ತಾರೆ. ನನಗೆ ಈ ಕೆಲಸ ನಿಜವಾಗಿ ಇಷ್ಟ. ಸೇವೆಯಿಂದಲೇ ಕಾಯಿಲೆ ಹೆಚ್ಚುತ್ತಿದೆಯೇ? ಎಲ್ಲರಿಗೂ ಹೇಳಿಬಿಡಲೇ? ಬಿಟ್ಟುಬಿಡಲೇ?"

ಉತ್ತರ: ನೀವು ಕೇಳಿದ್ದು ಮೂರು ಪ್ರಶ್ನೆ. ನನ್ನನ್ನು ತಡೆದು ನಿಲ್ಲಿಸಿದ್ದು ಮಾತ್ರ ನೀವು ಪ್ರಶ್ನೆಯಾಗಿ ಕೇಳದೆ, ನಡುವೆ ಹೇಳಿ ಮುಂದೆ ಸಾಗಿದ ಒಂದು ವಾಕ್ಯ. ಆ 20 ಮಿ.ಗ್ರಾಂ. ಕಿರೀಟ, ಆಯೋಜಕರು, ಅಮ್ಮ ಎಲ್ಲವೂ ಸ್ವಲ್ಪ ಕಾಯಬಹುದು. ಇದು ಕಾಯುವಂಥದ್ದಲ್ಲ.

ಒಂದು ಸಣ್ಣ ಲೆಕ್ಕ ಹಾಕೋಣ. ದಿನಕ್ಕೆ 5ರಂತೆ ವಾರಕ್ಕೆ 35 ಮಿ.ಗ್ರಾಂ. ವಾರದಲ್ಲಿ ಎರಡು ದಿನ ಅದು 20 ಆದರೆ ಒಟ್ಟು 65, ಅಂದರೆ ದಿನದ ಸರಾಸರಿ 9 ಮಿ.ಗ್ರಾಂ ದಾಟುತ್ತದೆ. ಲೂಪಸ್ ರೋಗಿಗಳನ್ನು ದೀರ್ಘಕಾಲ 5 ಮಿ.ಗ್ರಾಂ ಅಥವಾ ಅದಕ್ಕಿಂತ ಕಡಿಮೆಯಲ್ಲಿ ಇರಿಸಬೇಕು, ಸಾಧ್ಯವಾದರೆ ಸ್ಟೀರಾಯ್ಡನ್ನು ಪೂರ್ತಿ ಬಿಡಿಸಬೇಕು ಎಂಬುದು 2023ರ ಯುರೋಪಿನ ತಜ್ಞರ ಮಾರ್ಗಸೂಚಿ. ಮೂಳೆ ಸವೆಯುವುದು, ರಕ್ತದ ಸಕ್ಕರೆ ಏರುವುದು, ಕಣ್ಣಿನ ಪೊರೆ, ಸೋಂಕು ಇವೆಲ್ಲ ದೇಹಕ್ಕೆ ಸೇರಿದ ಒಟ್ಟು ಪ್ರಮಾಣದ ಜೊತೆಗೇ ಬೆಳೆಯುತ್ತವೆ. ಅದಕ್ಕಿಂತ ನನಗೆ ದೊಡ್ಡದಾಗಿ ಕಾಣುವ ತೊಂದರೆ ಬೇರೆ. ನಿಮ್ಮ ವೈದ್ಯರು "5 ಮಿ.ಗ್ರಾಂನಲ್ಲಿ ಕಾಯಿಲೆ ಹತೋಟಿಯಲ್ಲಿದೆ" ಎಂದು ನಂಬಿ ಮುಂದಿನ ತೀರ್ಮಾನ ತೆಗೆದುಕೊಳ್ಳುತ್ತಿದ್ದಾರೆ. ಅದು ಹತೋಟಿಯಲ್ಲಿಲ್ಲದೆ ಇರಬಹುದು, ಅಜಥಯೋಪ್ರಿನ್ ಸಾಲದೆ ಇರಬಹುದು. ಹೊಸ ಔಷಧಿಗಳು ಇಲ್ಲವೆಂದೇನಲ್ಲ. ಬೆಲಿಮುಮ್ಯಾಬ್ 2011ರಲ್ಲಿ, ಅನಿಫ್ರೊಲುಮ್ಯಾಬ್ 2021ರಲ್ಲಿ ಅಮೆರಿಕದಲ್ಲಿ ಅನುಮೋದನೆ ಪಡೆದಿವೆ. ಔಷಧಿ ಬದಲಿಸಬೇಕಾದ ಹೊತ್ತನ್ನು ನಿಮ್ಮ ಗುಟ್ಟಿನ ಮಾತ್ರೆಗಳು ಮರೆಮಾಚುತ್ತಿವೆ.

ಸ್ಟೀರಾಯ್ಡ್ ನುಂಗಿದ ಬೆಳಿಗ್ಗೆ ಮೈ ಹಗುರಾಗುತ್ತದೆ, ನೋವು ಇಳಿಯುತ್ತದೆ, ಮಾತು ಸರಾಗವಾಗಿ ಬರುತ್ತದೆ. ಅಂದಿನ ರಾತ್ರಿ ನಿದ್ದೆ ಹತ್ತುವುದಿಲ್ಲ. ಮರುದಿನ ಮತ್ತೆ 5ಕ್ಕೆ ಇಳಿಯುತ್ತೀರಿ. ಕಾರ್ಯಕ್ರಮದ ಮರುದಿನ ಹಾಸಿಗೆ ಹಿಡಿಯುವುದರಲ್ಲಿ ಈ ಏರಿಳಿತದ ಪಾಲೂ ಇದೆ ಎಂದು ನನಗನ್ನಿಸುತ್ತದೆ. ಜೊತೆಗೆ ಸ್ಟೀರಾಯ್ಡ್ ಜ್ವರವನ್ನು ಅಡಗಿಸಿಡುತ್ತದೆ. ಮಕ್ಕಳ ವಾರ್ಡಿನಿಂದ ಸೋಂಕು ತಂದುಕೊಂಡಿದ್ದರೂ ಅದು ತಡವಾಗಿಯೇ ಗೊತ್ತಾಗುತ್ತದೆ. ಸ್ಟೀರಾಯ್ಡಿನ ಮೇಲೆ ನೋವಿನ ಮಾತ್ರೆ ಬಿದ್ದರೆ ಹೊಟ್ಟೆಯ ಹುಣ್ಣಿಗೆ ದಾರಿ. ಲೂಪಸ್ ಮೂತ್ರಪಿಂಡವನ್ನು ಮುಟ್ಟಿದ್ದರಂತೂ ಐಬುಪ್ರೊಫೆನ್, ಡೈಕ್ಲೊಫೆನಾಕ್ ಜಾತಿಯ ಮಾತ್ರೆಗಳು ಅದಕ್ಕೆ ಇನ್ನಷ್ಟು ಏಟು ಕೊಡುತ್ತವೆ.

ಹಾಗೆಂದು ಇದನ್ನು ಓದಿದ ಗಾಬರಿಯಲ್ಲಿ ಎಲ್ಲವನ್ನೂ ನಿಲ್ಲಿಸಬೇಡಿ. ದಿನದ 5 ಮಿ.ಗ್ರಾಂ ಮಾತ್ರೆಯನ್ನು ಹಠಾತ್ತನೆ ಬಿಟ್ಟರೆ ರಕ್ತದೊತ್ತಡ ಕುಸಿಯುವ ಅಪಾಯವಿದೆ. ದೇಹ ತನ್ನದೇ ಸ್ಟೀರಾಯ್ಡ್ ತಯಾರಿಸುವುದನ್ನು ಇಷ್ಟರಲ್ಲಿ ಕಡಿಮೆ ಮಾಡಿಕೊಂಡಿರುತ್ತದೆ.

ಸೇವೆಯಿಂದ ಕಾಯಿಲೆ ಹೆಚ್ಚುತ್ತದೆಯೇ?

ಸೇವೆಗೂ ಲೂಪಸ್‌ಗೂ ನೇರ ಜಗಳವಿಲ್ಲ. ಜಗಳವಿರುವುದು ಬಿಸಿಲು, ಸೋಂಕು, ನಿದ್ದೆಗೇಡು ಮತ್ತು ತಪ್ಪಿಹೋದ ಮಾತ್ರೆಗಳ ಜೊತೆ. ನಿಮ್ಮ ಪಟ್ಟಿಯಲ್ಲಿರುವ ಕಾರ್ಯಕ್ರಮಗಳನ್ನು ಈ ಕಣ್ಣಿನಿಂದ ನೋಡಿದರೆ ಎಲ್ಲವೂ ಒಂದೇ ತೂಕದವಲ್ಲ ಎಂಬುದು ತಕ್ಷಣ ಕಾಣುತ್ತದೆ.

ಬಿಸಿಲಿನ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಇಲ್ಲಿ ರೋಗಿಗಳಷ್ಟೇ ಅಲ್ಲ, ಅವರ ಮನೆಯವರೂ ಎಡವುತ್ತಾರೆ. ಅತಿನೇರಳೆ ಕಿರಣ ಚರ್ಮದ ಜೀವಕೋಶಗಳನ್ನು ಕೊಲ್ಲುತ್ತದೆ. ಸತ್ತ ಕೋಶದ ಒಡಲಿನಿಂದ ನ್ಯೂಕ್ಲಿಯಸ್‌ನ ವಸ್ತು ಹೊರಗೆ ಬೀಳುತ್ತದೆ. ಲೂಪಸ್ ಇರುವವರ ದೇಹ ಪ್ರತಿಕಾಯಗಳನ್ನು ತಯಾರಿಸಿಟ್ಟುಕೊಂಡಿರುವುದು ಇದೇ ವಸ್ತುವಿನ ವಿರುದ್ಧ. ಹೀಗಾಗಿ ಚರ್ಮದ ಮೇಲೆ ಬಿದ್ದ ಬಿಸಿಲು ಕೀಲಿನಲ್ಲಿ, ಕೆಲವರಲ್ಲಿ ಮೂತ್ರಪಿಂಡದಲ್ಲಿ ಉರಿಯೂತ ಎಬ್ಬಿಸಬಲ್ಲದು. ನೀವು ತೆಗೆದುಕೊಳ್ಳುವ ಅಜಥಯೋಪ್ರಿನ್ ಕೂಡ ಚರ್ಮವನ್ನು ಈ ಕಿರಣಗಳಿಗೆ ಇನ್ನಷ್ಟು ಸೂಕ್ಷ್ಮವಾಗಿಸುತ್ತದೆ. ಇನ್ನೊಂದು ತೊಡಕು ಎಂದರೆ ಬಿಸಿಲಿನ ಪರಿಣಾಮ ಅಂದೇ ಕಾಣಬೇಕೆಂದಿಲ್ಲ, ಒಂದೆರಡು ವಾರ ಬಿಟ್ಟೂ ಕಾಣಿಸಿಕೊಳ್ಳಬಹುದು. ಹತ್ತು ದಿನಗಳ ಹಿಂದೆ ಗಿಡ ನೆಟ್ಟಿದ್ದರ ಫಲ ನಿನ್ನೆಯ ಶಾಲಾ ಭಾಷಣದ ಲೆಕ್ಕಕ್ಕೆ ಬೀಳುತ್ತದೆ. ಪಾಪ, ಶಾಲೆಯ ತಪ್ಪೇನೂ ಇರುವುದಿಲ್ಲ.

ನಿಮ್ಮ ಕ್ಷೇತ್ರದಲ್ಲಿ ನಾನು ಮತ್ತೆ ಮತ್ತೆ ಕೇಳುವ ಮಾತು "ನನ್ನ ಫೌಂಡೇಶನ್‌ನಲ್ಲೇ ಎಸ್‌ಪಿಎಫ್ 30 ಇದೆ". ಬಿಸಿಲಿನಿಂದ ಎಷ್ಟು ರಕ್ಷಣೆ ಎಂದು ಹೇಳುವ, ಡಬ್ಬಿಯ ಮೇಲಿನ ಆ ಅಂಕಿ ಬರುವುದು ಒಂದು ಚದರ ಸೆಂಟಿಮೀಟರಿಗೆ 2 ಮಿ.ಗ್ರಾಂ ಹಚ್ಚಿ ಪರೀಕ್ಷಿಸಿದಾಗ. ಫೌಂಡೇಶನ್ ಅನ್ನು ಯಾರೂ ಅಷ್ಟು ದಪ್ಪಗೆ ಬಳಿಯುವುದಿಲ್ಲ. ಮೊದಲು ಯುವಿಎ ಮತ್ತು ಯುವಿಬಿ ಎಂಬ ಎರಡೂ ಬಗೆಯ ಅತಿನೇರಳೆ ಕಿರಣಗಳನ್ನು ತಡೆಯುವ ಸನ್‌ಸ್ಕ್ರೀನ್. ಎರಡು ಬೆರಳಿನುದ್ದಕ್ಕೂ ಗೆರೆ ಎಳೆದಷ್ಟು ಮುಖಕ್ಕೂ ಕುತ್ತಿಗೆಗೂ ಬೇಕು. ಅದು ಒಣಗಿದ ಮೇಲೆ ಮೇಕಪ್. ಹೊರಗಿದ್ದರೆ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು, ಮೇಕಪ್ ಕೆಟ್ಟರೂ ಸರಿ. ತೆಳುಮೋಡವಿದ್ದರೆ ಪರವಾಗಿಲ್ಲ ಎನ್ನುವಂತಿಲ್ಲ, ಅದರ ಮೂಲಕ ಶೇ 80ರವರೆಗೂ ಅತಿನೇರಳೆ ಕಿರಣ ನುಗ್ಗಬಲ್ಲದು. ಕಾರಿನ ಪಕ್ಕದ ಗಾಜು ಯುವಿಬಿಯನ್ನು ತಡೆದರೂ ಯುವಿಎಯ ದೊಡ್ಡ ಪಾಲನ್ನು ಒಳಗೆ ಬಿಡುತ್ತದೆ. ಉಗುರಿನ ಜೆಲ್ ಪಾಲಿಶ್ ಒಣಗಿಸುವ ದೀಪ ಕೂಡ ಯುವಿಎ ದೀಪವೇ. ವೇದಿಕೆಯ ಎಲ್‌ಇಡಿ ಬೆಳಕಿನ ಬಗ್ಗೆ ಚಿಂತೆ ಬೇಡ. ಹಳೆಯ ಕಾಲದ, ಮುಂದೆ ಗಾಜಿಲ್ಲದ ಪ್ರಖರ ದೀಪಗಳಿದ್ದರೆ ಮಾತ್ರ ದೂರ ನಿಲ್ಲಿ.

ಮಕ್ಕಳ ವಾರ್ಡಿನದು ಬೇರೆಯದೇ ಕಥೆ. ಅಲ್ಲಿ ಬಿಸಿಲಿಲ್ಲ, ಚಿಕನ್‌ಪಾಕ್ಸ್, ದಡಾರ, ಫ್ಲೂ ಇವೆ. ನಿಮ್ಮ ಮೂರು ಔಷಧಿಗಳಲ್ಲಿ ಎರಡು, ಅಜಥಯೋಪ್ರಿನ್ ಮತ್ತು ಸ್ಟೀರಾಯ್ಡ್, ರೋಗನಿರೋಧಕ ಶಕ್ತಿಯನ್ನು ತಗ್ಗಿಸುವಂಥವು. ಚಿಕನ್‌ಪಾಕ್ಸ್ ಮತ್ತು ದಡಾರಕ್ಕೆ ನಿಮ್ಮಲ್ಲಿ ರಕ್ಷಣೆ ಇದೆಯೇ ಎಂಬುದು ರಕ್ತಪರೀಕ್ಷೆಯಲ್ಲಿ ತಿಳಿಯುತ್ತದೆ. ಫ್ಲೂ ಮತ್ತು ನ್ಯುಮೋಕಾಕಲ್ ಚುಚ್ಚುಮದ್ದುಗಳನ್ನು ನೀವು ಹಾಕಿಸಿಕೊಳ್ಳಬಹುದು, ಹಾಕಿಸಿಕೊಳ್ಳಬೇಕು. ಜೀವಂತ ವೈರಾಣುವಿರುವ ಲಸಿಕೆಗಳನ್ನು ಮಾತ್ರ ನಿಮ್ಮ ವೈದ್ಯರನ್ನು ಕೇಳದೆ ಹಾಕಿಸಿಕೊಳ್ಳಬೇಡಿ. ವಾರ್ಡಿನಲ್ಲಿ ಮಾಸ್ಕ್ ಹಾಕಿ. ಫೋಟೊಗಾಗಿ ಅದನ್ನು ತೆಗೆಯಿರಿ ಎಂದರೆ ನಕ್ಕು ತಲೆಯಾಡಿಸಿ ಬಿಡಿ. ಭೇಟಿ ಮಾಡಿದ ಮಗುವಿಗೆ ಆಮೇಲೆ ಚಿಕನ್‌ಪಾಕ್ಸ್ ಇತ್ತೆಂದು ತಿಳಿದರೆ ಗುಳ್ಳೆ ಏಳುವವರೆಗೆ ಕಾಯದೆ ಅದೇ ದಿನ ವೈದ್ಯರಿಗೆ ಫೋನ್ ಮಾಡಿ. ತಡೆಯುವ ಔಷಧಿ ಕೊಡಲು ಇರುವ ಅವಧಿ ಚಿಕ್ಕದು.

ಇನ್ನು ನೀವು "ಸಣ್ಣ ಜ್ವರ" ಎಂದು ಕರೆದದ್ದು. ಅದು ಲೂಪಸ್ ಉಲ್ಬಣದ್ದೂ ಆಗಿರಬಹುದು, ಸೋಂಕಿನದೂ ಆಗಿರಬಹುದು. ಮನೆಯಲ್ಲಿ ಕುಳಿತು ಬೇರ್ಪಡಿಸಲು ನನಗೂ ಆಗುವುದಿಲ್ಲ. ಥರ್ಮಾಮೀಟರ್ 100.4 ಡಿಗ್ರಿ ಫ್ಯಾರನ್‌ಹೀಟ್ ತೋರಿಸಿದರೆ ಅಂದೇ ಆಸ್ಪತ್ರೆ.

ಸುತ್ತಲಿನವರು ಹೇಳುವ ಮಾತುಗಳು

"ನಗುತ್ತಾ ನಿಂತಿದ್ದಾಳೆ, ಇವಳಿಗೇನು ಕಾಯಿಲೆ" ಎಂಬುದು ಹಳೆಯ ರಾಗ. ಲೂಪಸ್ ಇರುವ ಹತ್ತರಲ್ಲಿ ಒಂಬತ್ತು ಮಂದಿ ಹೆಂಗಸರು. ಹೆಚ್ಚಿನವರಲ್ಲಿ ಅದು ಕಾಣಿಸಿಕೊಳ್ಳುವುದೇ ಹದಿಹರೆಯದಿಂದ ನಲವತ್ತೈದರ ಒಳಗೆ, ಅಂದರೆ ಹೊರನೋಟಕ್ಕೆ ಆರೋಗ್ಯ ತುಂಬಿ ತುಳುಕುವ ವಯಸ್ಸಿನಲ್ಲಿ. ಕೆನ್ನೆಯ ಮೇಲಿನ ಚಿಟ್ಟೆಯಾಕಾರದ ಕೆಂಪನ್ನು ಕನ್ಸೀಲರ್ ಮುಚ್ಚುತ್ತದೆ. ಮೂತ್ರದಲ್ಲಿ ಹೋಗುವ ಪ್ರೋಟೀನನ್ನು ಮುಚ್ಚುವ ಕನ್ಸೀಲರ್ ಇಲ್ಲ.

"ಪೂರ್ತಿ ವಿಶ್ರಾಂತಿ ತೆಗೆದುಕೊಂಡರೆ ಹೋಗುತ್ತದೆ" ಎಂಬುದೂ ಸುಳ್ಳು. ತಿಂಗಳುಗಟ್ಟಲೆ ಮಲಗಿದರೆ ಸ್ನಾಯುಗಳು ಸೊರಗಿ ಸುಸ್ತು ಇನ್ನೂ ಹೆಚ್ಚುತ್ತದೆ. ಲೂಪಸ್‌ನ ದಣಿವಿಗೆ ಹಂತಹಂತವಾಗಿ ಏರಿಸಿದ ವ್ಯಾಯಾಮ ಉಪಯೋಗಕ್ಕೆ ಬರುತ್ತದೆ ಎಂಬುದಕ್ಕೆ ಆಧಾರಗಳಿವೆ. ಎಂಇ ಅಥವಾ ಸಿಎಫ್‌ಎಸ್ ಎಂಬ ದೀರ್ಘಕಾಲದ ಬಳಲಿಕೆಯ ಕಾಯಿಲೆ ಇರುವವರು ಇದನ್ನು ಓದುತ್ತಿದ್ದರೆ ದಯವಿಟ್ಟು ಈ ಸಲಹೆಯನ್ನು ನಿಮಗೆ ಅನ್ವಯಿಸಿಕೊಳ್ಳಬೇಡಿ. ನಿಮ್ಮಲ್ಲಿ ಶ್ರಮವೇ ಕಾಯಿಲೆಯನ್ನು ಕೆರಳಿಸುತ್ತದೆ.

"ಇಮ್ಯೂನಿಟಿ ಹೆಚ್ಚಿಸಿಕೊ" ಎಂಬ ಉಪದೇಶ ನಿಮಗೆ ಎಲ್ಲ ದಿಕ್ಕಿನಿಂದ ಬರುತ್ತಿರಬೇಕು, ಪ್ರಾಯೋಜಕರಿಂದ ಡಬ್ಬಿಗಳ ರೂಪದಲ್ಲೂ ಬರುತ್ತಿರಬಹುದು. ನಿಮ್ಮ ತೊಂದರೆಯೇ ಅತಿಯಾಗಿ ಕೆಲಸ ಮಾಡುವ ರೋಗನಿರೋಧಕ ವ್ಯವಸ್ಥೆ. ಅದನ್ನು ಮತ್ತಷ್ಟು ಹುರಿದುಂಬಿಸುವ ಎಕಿನೇಶಿಯ, ಆಲ್ಫಾಲ್ಫಾ ಬಗೆಯವು ಬೇಡ. ಜಾಹೀರಾತಿಗೆ ಡಬ್ಬಿ ಹಿಡಿದು ನಿಲ್ಲುವುದು ನಿಮ್ಮ ವ್ಯವಹಾರ. ಒಳಗಿನದನ್ನು ತಿನ್ನಬೇಡಿ.

"ಸೇವೆ ಮಾಡಿದವರಿಗೆ ಆಯಸ್ಸು ಹೆಚ್ಚು" ಎಂಬ ಇನ್ನೊಂದು ತುದಿಯ ಮಾತಿನ ಬಗ್ಗೆಯೂ ಎಚ್ಚರವಿರಲಿ. ಸ್ವಯಂಸೇವಕರು ಹೆಚ್ಚು ಆರೋಗ್ಯವಂತರು ಎಂದು ಸಮೀಕ್ಷೆಗಳಲ್ಲಿ ಕಾಣುವುದು ನಿಜ. ಆದರೆ ಆರೋಗ್ಯ ಚೆನ್ನಾಗಿರುವವರೇ ಸೇವೆಗೆ ಬರುತ್ತಾರೆ ಎಂಬುದೂ ನಿಜ. ಈ ಕೆಲಸದಿಂದ ಮನಸ್ಸಿಗೆ ಬಲ ಬರುತ್ತಿದ್ದರೆ ಅದು ಸಾಕಷ್ಟು ದೊಡ್ಡ ಕಾರಣ. ಅದನ್ನು ಚಿಕಿತ್ಸೆ ಎಂದುಕೊಂಡು ಮಾತ್ರೆಯ ಜಾಗದಲ್ಲಿ ಕೂರಿಸಬೇಡಿ.

ಕೆಲಸವನ್ನು ಹೇಗೆ ಕಟ್ಟಿಕೊಳ್ಳುವುದು

ನನ್ನ ಅನುಭವದಲ್ಲಿ ಲೂಪಸ್ ಇರುವ ಉತ್ಸಾಹಿಗಳು ಮಾಡುವುದು ಹೆಚ್ಚು ಕಡಿಮೆ ಒಂದೇ. ಒಳ್ಳೆಯ ದಿನದಲ್ಲಿ ಕುಳಿತು ತಿಂಗಳ ಆಹ್ವಾನಗಳಿಗೆಲ್ಲ ಹೂಂ ಎನ್ನುತ್ತಾರೆ. ನಿಭಾಯಿಸಬೇಕಾದ ದಿನಗಳಲ್ಲಿ ಹೆಚ್ಚಿನವು ಸಾಧಾರಣ ದಿನಗಳು, ಕೆಲವು ಕೆಟ್ಟವು. ನೀವು ಒಪ್ಪಿಕೊಳ್ಳುವ ಕೆಲಸದ ಅಳತೆ ನಿಮ್ಮ ಸಾಧಾರಣ ದಿನದ್ದಾಗಿರಬೇಕು. ಕಿರೀಟದ ಅವಧಿ ಒಂದು ವರ್ಷ, ಅಷ್ಟರಲ್ಲಿ ಎಲ್ಲವನ್ನೂ ಮುಗಿಸಬೇಕೆಂಬ ಅವಸರ ನಿಮಗೆ. ಲೂಪಸ್‌ಗೆ ಆ ಅವಸರವಿಲ್ಲ, ಅದು ಜೀವನಪೂರ್ತಿ ಇರಲು ಬಂದದ್ದು.

ಇನ್ನು ಅಳತೆಯನ್ನು ಸರಿಯಾಗಿ ಹಿಡಿಯಬೇಕು. ಆಹ್ವಾನಪತ್ರದಲ್ಲಿ "45 ನಿಮಿಷದ ಮಾತು" ಎಂದಿರುತ್ತದೆ. ನಸುಕಿನಲ್ಲೇ ಎದ್ದು ಕೂದಲು ಮತ್ತು ಮೇಕಪ್‌ಗೆ ಎರಡು ಗಂಟೆ, ಹೋಗುವ ಬರುವ ದಾರಿ, ಮುಖ್ಯ ಅತಿಥಿ ತಡವಾದ್ದರಿಂದ ವೇದಿಕೆಯ ಹಿಂದೆ ಎತ್ತರದ ಹಿಮ್ಮಡಿಯ ಚಪ್ಪಲಿಯಲ್ಲಿ ಕಾಯುವುದು, ತೋಳಿಲ್ಲದ ಉಡುಪಿನಲ್ಲಿ ಎಸಿ ಸಭಾಂಗಣದ ಚಳಿಗೆ ಬೆರಳ ತುದಿ ಬಿಳಿಚಿಕೊಳ್ಳುವುದು, ಆಮೇಲೆ ಮುಗಿಯದ ಫೋಟೊ ಸಾಲು. ಆ 45 ನಿಮಿಷ ನಿಮ್ಮ ಇಡೀ ದಿನವನ್ನು ನುಂಗಿರುತ್ತದೆ. ದಣಿಸಿದ್ದು ಮಾತಲ್ಲ, ಅದರ ಸುತ್ತಲಿನ ಸರಂಜಾಮು. ಇದರಲ್ಲಿ ಬಹಳಷ್ಟನ್ನು ಕತ್ತರಿಸಬಹುದು. ಹೊರಡುವ ಸಮಯವನ್ನು ಒಪ್ಪಂದದಲ್ಲೇ ಬರೆಸಿ. ಫೋಟೊ ಮೊದಲು ಆಗಲಿ, ಕುಳಿತೇ ಆಗಲಿ. ಚಪ್ಪಲಿ ತಗ್ಗಿನದಿರಲಿ, ಕೈಗವಸು ಜೊತೆಗಿರಲಿ. ಕಾರ್ಯಕ್ರಮದ ಹಿಂದಿನ ರಾತ್ರಿಯನ್ನೂ ಮರುದಿನದ ಬೆಳಗನ್ನೂ ಖಾಲಿ ಇಟ್ಟುಕೊಂಡ ಮೇಲೆಯೇ ಹೂಂ ಎನ್ನಿ.

ಯಾವ ಕೆಲಸ ಉಳಿಸಿಕೊಳ್ಳಬೇಕು? ನಾನಾಗಿದ್ದರೆ ನಡುಹಗಲ ಬಯಲಿನ ಕಾರ್ಯಕ್ರಮಗಳನ್ನು ಮೊದಲು ಬಿಡುತ್ತಿದ್ದೆ. ಗಿಡ ನೆಡುವವರು ಬೇಕಾದಷ್ಟಿದ್ದಾರೆ. ನಿಮ್ಮಿಂದ ಅವರಿಗೆ ಬೇಕಾದದ್ದು ಗುದ್ದಲಿ ಹಿಡಿದ ಕೈ ಅಲ್ಲ, ನಿಮ್ಮ ಹೆಸರಿಗೆ ಬಂದು ಸೇರುವ ಜನ. ಅದನ್ನು ಸಂಜೆಯ ಒಳಾಂಗಣದ ಸಭೆಯಿಂದಲೂ ಒಂದು ವಿಡಿಯೊದಿಂದಲೂ ಕೊಡಬಹುದು. ಒಂದೊಂದೇ ಸಲ ಹೋಗಿ ಬರುವ ಇಪ್ಪತ್ತು ಕಡೆಗಿಂತ ತಿಂಗಳಿಗೊಮ್ಮೆ ತಪ್ಪದೆ ಹೋಗುವ ಒಂದೇ ವೃದ್ಧಾಶ್ರಮ ನಿಮಗೂ ಅಲ್ಲಿನವರಿಗೂ ಲೇಸು. ಅವರಿಗೆ ನಿಮ್ಮ ಮುಖ ನೆನಪಿರುತ್ತದೆ, ನಿಮಗೆ ಅಲ್ಲಿ ಒರಗುವ ಕುರ್ಚಿ ಎಲ್ಲಿದೆ ಎಂದು ಗೊತ್ತಿರುತ್ತದೆ, ಒಂದು ತಿಂಗಳು ತಪ್ಪಿದರೆ ಫೋನಿನಲ್ಲಿ ಮಾತಾಡಿದರೂ ನಡೆಯುತ್ತದೆ. ಮಿಸ್ ವರ್ಲ್ಡ್ ಸ್ಪರ್ಧೆಯಲ್ಲಿ 1972ರಿಂದ ಇರುವ 'ಬ್ಯೂಟಿ ವಿತ್ ಎ ಪರ್ಪಸ್' ಎಂಬ ಸೇವಾ ವಿಭಾಗ ಕೂಡ ಸ್ಪರ್ಧಿ ಕೈಗೆತ್ತಿಕೊಂಡ ಯೋಜನೆಯನ್ನು ನೋಡುತ್ತದೆ. ನಿಮ್ಮ ಆಯೋಜಕರು ಕಾರ್ಯಕ್ರಮಗಳ ಸಂಖ್ಯೆಗೆ ಜೋತುಬಿದ್ದರೆ ಈ ಮಾತನ್ನು ಅವರ ಮುಂದಿಡಬಹುದು.

ಹೀಗೆ ಕಡಿಮೆ ಮಾಡಿದರೆ ಅಪಾಯವೇ ಇಲ್ಲವೆಂದಲ್ಲ. ಕೆಲವು ಆಹ್ವಾನಗಳು ನಿಲ್ಲುತ್ತವೆ. "ಗೆದ್ದ ಮೇಲೆ ಅಹಂಕಾರ ಬಂತು" ಎನ್ನುವವರೂ ಸಿಗುತ್ತಾರೆ. ಹಾಗಾಗಿ ಪ್ರತಿ ಕಾರ್ಯಕ್ರಮಕ್ಕೂ ನಿಮ್ಮ ಬದಲಿಗೆ ಮಾತಾಡಬಲ್ಲ ಒಬ್ಬರನ್ನು ಮೊದಲೇ ಗೊತ್ತು ಮಾಡಿಡಿ. ಕೊನೆಯ ಗಳಿಗೆಯಲ್ಲಿ ಇಲ್ಲವೆನ್ನುವ ಭಯವೇ ನಿಮ್ಮ ಕೈಗೆ ಆ 20 ಮಿ.ಗ್ರಾಂ ಕೊಡುತ್ತಿದೆ ಎಂಬ ಅನುಮಾನ ನನಗಿದೆ.

ಹೇಳುವುದೋ, ಮುಚ್ಚಿಡುವುದೋ

"ಎಲ್ಲರಿಗೂ" ಎಂಬುದನ್ನು ಒಂದೇ ಗಂಟಾಗಿ ಕಟ್ಟಬೇಡಿ. ಆಯೋಜಕರಲ್ಲಿ ಒಬ್ಬರಿಗಾದರೂ ಗೊತ್ತಿರಬೇಕು, ಏಕೆಂದರೆ ನೀವು ಕುಸಿದರೆ ಆಂಬುಲೆನ್ಸ್‌ನವರಿಗೆ ಉತ್ತರ ಹೇಳಬೇಕಾದವರು ಅವರೇ. ಹೇಳುವ ಮೊದಲು ಒಪ್ಪಂದಪತ್ರದಲ್ಲಿ ಆರೋಗ್ಯದ ಬಗ್ಗೆ ಇರುವ ಷರತ್ತನ್ನು ಓದಿ. ಅರ್ಥವಾಗದಿದ್ದರೆ ವಕೀಲರಿಗೆ ತೋರಿಸಿ. ಕಾರ್ಯಕ್ರಮ ನಡೆಸುವ ಶಾಲೆಗೋ ಸಂಸ್ಥೆಗೋ ಕಾಯಿಲೆಯ ಹೆಸರು ಬೇಕಿಲ್ಲ. "ನೇರ ಬಿಸಿಲಿನಲ್ಲಿ ಇರುವಂತಿಲ್ಲ, ಹೆಚ್ಚು ಹೊತ್ತು ನಿಲ್ಲುವಂತಿಲ್ಲ, ನೆಗಡಿ ಜ್ವರ ಇರುವವರ ಹತ್ತಿರ ಹೋಗುವಂತಿಲ್ಲ" ಎಂದು ಬರೆದ ಪತ್ರ ಸಾಕು. ಇಂಥ ಪತ್ರವನ್ನು ವೈದ್ಯರು ಸಂತೋಷದಿಂದ ಬರೆದುಕೊಡುತ್ತಾರೆ, ಕೇಳುವವರೇ ಕಡಿಮೆ.

ಸಾರ್ವಜನಿಕವಾಗಿ ಹೇಳುವುದು ಮಾತ್ರ ಸಂಪೂರ್ಣ ನಿಮ್ಮ ಆಯ್ಕೆ. ಹೇಳಿ ಒಳ್ಳೆಯದು ಮಾಡಿದವರಿದ್ದಾರೆ. 1999ರ ಮಿಸ್ ಅಮೆರಿಕ ನಿಕೋಲ್ ಜಾನ್ಸನ್ ಅವರಿಗೆ ಟೈಪ್ 1 ಮಧುಮೇಹವಿತ್ತು. ತಮ್ಮ ಕಿರೀಟದ ವರ್ಷವನ್ನು ಅವರು ಅದರ ಜಾಗೃತಿಗೆ ಬಳಸಿದರು. 2014ರಲ್ಲಿ ಮಿಸ್ ಐಡಾಹೊ ಆದ ಸಿಯೆರಾ ಸ್ಯಾಂಡಿಸನ್ ಈಜುಡುಗೆಯ ಸುತ್ತಿನಲ್ಲಿ ಸೊಂಟದ ಇನ್ಸುಲಿನ್ ಪಂಪನ್ನು ಮರೆಮಾಡದೆ ನಡೆದರು. ಅದನ್ನು ನೋಡಿ ಎಷ್ಟೋ ಜನ ತಮ್ಮ ಪಂಪಿನ ಚಿತ್ರಗಳನ್ನು ಹಂಚಿಕೊಂಡರು. ಲೂಪಸ್ ಇದೆಯೆಂದು ಗಾಯಕಿ ಸೆಲೆನಾ ಗೊಮೆಜ್ 2015ರಲ್ಲಿ ತಿಳಿಸಿದರು, 2017ರಲ್ಲಿ ಮೂತ್ರಪಿಂಡದ ಕಸಿ ಮಾಡಿಸಿಕೊಂಡದ್ದನ್ನೂ ಮುಚ್ಚಿಡಲಿಲ್ಲ.

ಆದರೆ ಪಂಪನ್ನು ತೋರಿಸಬಹುದು, ದಣಿವನ್ನು ತೋರಿಸಲು ಬರುವುದಿಲ್ಲ. "ನಿನ್ನೆ ಚೆನ್ನಾಗಿ ಕುಣಿದಿರಲ್ಲ" ಎಂಬ ಪ್ರಶ್ನೆಗೆ ನೀವು ಮತ್ತೆ ಮತ್ತೆ ಉತ್ತರಿಸಬೇಕಾಗುತ್ತದೆ. ಅಪರಿಚಿತರು ಮನೆಮದ್ದುಗಳ ಪಟ್ಟಿ ಕಳಿಸುತ್ತಾರೆ. ಮುಂದೆ ಕೆಲಸಕ್ಕೋ ವಿಮೆಗೋ ಅರ್ಜಿ ಹಾಕಿದಾಗ ಅಂತರ್ಜಾಲದಲ್ಲಿ ಹುಡುಕಿದವರಿಗೆ ಇದೇ ಮೊದಲು ಸಿಗುತ್ತದೆ. ಒಮ್ಮೆ ಹೇಳಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವಂತಿಲ್ಲ, ಹೇಳದೆ ಇದ್ದದ್ದನ್ನು ಯಾವಾಗ ಬೇಕಾದರೂ ಹೇಳಬಹುದು. ಉಲ್ಬಣದ ನಡುವೆ, ಯಾರೋ ಆಡಿದ ಮಾತಿಗೆ ನೊಂದು, ರಾತ್ರಿ ಕುಳಿತು ಬರೆದು ಹಾಕಬೇಡಿ. ಕಾಯಿಲೆ ಕೆಲವು ತಿಂಗಳು ಶಾಂತವಾಗಿದ್ದಾಗ ತೀರ್ಮಾನಿಸಿ.

ಬಿಡುವ ಪ್ರಶ್ನೆ

ಅಮ್ಮನ ಆತಂಕವನ್ನು ತಳ್ಳಿಹಾಕುವವಳಲ್ಲ ನಾನು. ಆದರೆ ಔಷಧಿಯನ್ನು ಸರಿಪಡಿಸದೆ, ಬಿಸಿಲನ್ನು ತಪ್ಪಿಸದೆ, ಕಾರ್ಯಕ್ರಮಗಳನ್ನು ಕತ್ತರಿಸದೆ ಇರುವ ಈ ಹಂತದಲ್ಲಿ ಕಿರೀಟ ಹಿಂತಿರುಗಿಸಿದರೆ ನಿಮ್ಮನ್ನು ಕಾಡುತ್ತಿದ್ದದ್ದು ಯಾವುದು ಎಂಬುದು ಗೊತ್ತೇ ಆಗುವುದಿಲ್ಲ. ನಾಳೆ ಬೇರೆ ಕೆಲಸ ಹಿಡಿದಾಗ ಇದೇ ಪಾಡು ಮತ್ತೆ ಬರುತ್ತದೆ. ಆರು ವಾರ ಒಂದು ಪುಸ್ತಕದಲ್ಲಿ ಬರೆದಿಡಿ: ಎಷ್ಟು ಹೊತ್ತು ಬಿಸಿಲಿನಲ್ಲಿದ್ದೆ, ಎಷ್ಟು ನಿದ್ದೆಯಾಯಿತು, ಜ್ವರ ಎಷ್ಟು, ಬೆಳಿಗ್ಗೆ ಬೆರಳು ಸಡಿಲಾಗಲು ಎಷ್ಟು ಹೊತ್ತು ಹಿಡಿಯಿತು. ಆ ಪುಸ್ತಕ ನಿಮಗೂ ಅಮ್ಮನಿಗೂ ನಡುವಿನ ವಾದವನ್ನು ಬಹುಮಟ್ಟಿಗೆ ತೀರಿಸುತ್ತದೆ.

ಕೆಲವು ಸಂದರ್ಭಗಳಲ್ಲಿ ಮಾತ್ರ ಚೌಕಾಸಿ ಇಲ್ಲ. ಮೂತ್ರ ನೊರೆಗಟ್ಟುವುದು, ಕಾಲು ಅಥವಾ ಕಣ್ಣಿನ ಸುತ್ತ ಊತ, ರಕ್ತದೊತ್ತಡ ಏರುವುದು, ಉಸಿರೆಳೆದಾಗ ಎದೆನೋವು, ಫಿಟ್ಸ್, ಗೊಂದಲ, ಮೈಮೇಲೆ ಕಾರಣವಿಲ್ಲದೆ ನೀಲಿ ಕಲೆಗಳು: ಇವುಗಳಲ್ಲಿ ಒಂದು ಕಂಡರೂ ಎಲ್ಲ ಕಾರ್ಯಕ್ರಮ ನಿಲ್ಲಿಸಿ ಆಸ್ಪತ್ರೆಗೆ ಹೋಗಿ. ಮೂತ್ರಪಿಂಡಕ್ಕೆ ತಗುಲಿದ್ದು ಖಚಿತವಾದರೆ ಚಿಕಿತ್ಸೆಯ ಮೊದಲ ತಿಂಗಳುಗಳಲ್ಲಿ ಜವಾಬ್ದಾರಿಯನ್ನು ಎರಡನೆಯ ಸ್ಥಾನ ಪಡೆದವರಿಗೆ ಒಪ್ಪಿಸುವುದೇ ಸರಿ. ಸಾಮಾನ್ಯವಾಗಿ ಇಂಥ ಸ್ಪರ್ಧೆಗಳಲ್ಲಿ ಅದಕ್ಕೆ ದಾರಿ ಇದ್ದೇ ಇರುತ್ತದೆ.

ಈ ವಾರವೇ ನಿಮ್ಮ ಸಂಧಿವಾತ ತಜ್ಞರನ್ನು ಕಾಣಿ. ಮಾತು ಆರಂಭಿಸುವುದೇ ಆ ಹೆಚ್ಚುವರಿ ಮಾತ್ರೆಗಳಿಂದ ಆಗಲಿ. ಬೈಗುಳ ತಿಂದರೂ ಪರವಾಗಿಲ್ಲ, ಆದರೆ ನಮ್ಮಲ್ಲಿ ಹೆಚ್ಚಿನವರು ಬೈಯುವುದಿಲ್ಲ, ಇದು ನಮಗೆ ಹೊಸತಲ್ಲ. ಮೂತ್ರದ ಪ್ರೋಟೀನ್, ಕ್ರಿಯಾಟಿನಿನ್, ರಕ್ತಕಣಗಳ ಎಣಿಕೆ, ಲೂಪಸ್ ಎಷ್ಟು ಕೆರಳಿದೆ ಎಂದು ಸೂಚಿಸುವ ಸಿ3, ಸಿ4, ಡಿಎನ್‌ಎ ಪ್ರತಿಕಾಯ ಪರೀಕ್ಷೆಗಳನ್ನು ಮಾಡಿಸಲು ಕೇಳಿ. ಸುಸ್ತಿಗೆ ರಕ್ತಹೀನತೆಯೋ ಥೈರಾಯ್ಡೋ ಕಾರಣವೇ ಎಂದೂ ನೋಡಿಸಿ, ಎರಡೂ ಲೂಪಸ್ ಜೊತೆಗೆ ಸಾಮಾನ್ಯ, ಎರಡಕ್ಕೂ ಮದ್ದಿದೆ. ಹೈಡ್ರಾಕ್ಸಿಕ್ಲೋರೋಕ್ವಿನ್ ನಿಮ್ಮ ತೂಕದ ಪ್ರತಿ ಕಿಲೋಗೆ ದಿನಕ್ಕೆ 5 ಮಿ.ಗ್ರಾಂ ಮೀರದಂತಿದೆಯೇ, ಕಣ್ಣಿನ ಪಾಪೆಯ ಹಿಂದಿನ ಅಕ್ಷಿಪಟಲದ ಪರೀಕ್ಷೆ ಆಗಿದೆಯೇ ಎಂಬುದನ್ನೂ ಕೇಳಿ. ಮುಂದಿನ ತಿಂಗಳ ಆಹ್ವಾನಗಳ ಪಟ್ಟಿಯನ್ನೂ ಜೊತೆಗೆ ಒಯ್ಯಿರಿ, ವರದಿಗಳು ಬಂದ ಮೇಲೆ ಇಬ್ಬರೂ ಕುಳಿತು ಅದರ ಮೇಲೆ ಗೆರೆ ಎಳೆಯಬಹುದು.